ಫ್ಲಾರೆನ್ಸಿನಲ್ಲಿ ಕಳೆದ ಪಾಸ್‌ಪೋರ್ಟು ಮತ್ತು ನಮ್ಮ ಇತಿಹಾಸದ ಮೇಡಂ

ಇತಿಹಾಸದ ಮೇಡಂ ತೀರಿಕೊಂಡ ಸುದ್ದಿ ನಮ್ಮ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ, ಅದಕ್ಕೆ ಬಂದ ಮೊದಲ ಉತ್ತರ ‘ಖರೇನಾ?’ ಎಂದಿತ್ತು. ಅವರ ಜೊತೆ ಕೆಲಸ ಮಾಡಿದ ನಮಗೆಲ್ಲ ಅನುಮಾನಿಸುವ ಅವರ ಗುಣ ಸ್ವಲ್ಪ ಅಂಟಿಕೊಂಡಿತ್ತು. ಆಮೇಲೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಡುವೆ ಯಾರೋ ಒಬ್ಬರು, ‘ಇಟಲಿಯೊಳಗ ಪಾಸ್‌ಪೋರ್ಟ್ ಬಚ್ಚಿಟ್ಟಿದ್ರಲ್ಲ, ಅವ್ರೇನು?’ ಎಂದು ಬರೆದು, ತಕ್ಷಣ ಅಳಿಸಿಹಾಕಿದರು. ಅಳಿಸುವ ಮೊದಲೇ ನಾನು ಓದಿದ್ದೆ. ಇದನ್ನು ಬರೆಯಲು ಕೂತದ್ದು ಆ ಒಂದು ಸಾಲಿನಿಂದ.

ಹೆಸರು ಬರೆಯುವುದಿಲ್ಲ. ಮೇಡಂ ಹೆಸರನ್ನು ಯಾರಾದರೂ ಕಾಗದದ ಮೇಲೆ ಬರೆದರೆ ‘ಯಾಕ್ರೀ, ಏನು ಕೆಲಸ ಅದರಿಂದ?’ ಎಂದು ಕೇಳುವವರು ಅವರು.

ಸಿಂಧನೂರಿನ ನಮ್ಮ ಖಾಸಗಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಬಳಗಾನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಮೇಡಂ ಲಿಂಗಸುಗೂರಿನವರು, ಸಿಂಧನೂರಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಎತ್ತರದ, ಒಣಕಲು ಮೈ. ಹಣೆಗೆ ವಿಭೂತಿ, ಕನ್ನಡಕಕ್ಕೆ ಕಪ್ಪು ದಾರ. ಯಾರು ಏನು ಹೇಳಿದರೂ ಮೊದಲು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ನೋಡುವರು. ಆ ನೋಟದ ಎದುರು ನಿಜ ಹೇಳುವವನೂ ಒಮ್ಮೆ ತೊದಲುತ್ತಿದ್ದ.

ಅವರಿಗೆ ಎಲ್ಲದರ ಮೇಲೂ ಅನುಮಾನ. ಮಕ್ಕಳ ಮಧ್ಯಾಹ್ನದ ಊಟದ ಸಾರನ್ನು ತಾವು ರುಚಿ ನೋಡದೆ ಬಡಿಸಗೊಡುತ್ತಿರಲಿಲ್ಲ. ಸ್ಟಾಫ್ ರೂಮಿನ ಕಪಾಟಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬಾಗಿಲ ತನಕ ಹೋಗಿ, ಮತ್ತೆ ಬಂದು ಜಗ್ಗುವರು. ಪ್ರವಾಸದ ಬಸ್ಸು ಬಂದರೆ ಡ್ರೈವರನ ಹತ್ತಿರ ಹೋಗಿ ‘ರಾತ್ರಿ ಎಷ್ಟೊತ್ತಿಗೆ ಮಲಗಿದ್ದೆಪ?’ ಎಂದು ಕೇಳಿ, ಅವನು ಉತ್ತರ ಕೊಡುವಾಗ ಅವನ ಕಣ್ಣನ್ನೇ ನೋಡುವರು. ಮದುವೆ ಯಾಕೆ ಆಗಲಿಲ್ಲ ಎಂದು ಹೊಸದಾಗಿ ಬಂದ ಟೀಚರೊಬ್ಬಳು ಧೈರ್ಯ ಮಾಡಿ ಕೇಳಿದಾಗ, ‘ಬಂದ ವರಗಳ ಮ್ಯಾಲ ಅನುಮಾನ ಬಂತವ್ವ’ ಎಂದು ಶಾಂತವಾಗಿ ಹೇಳಿ ಉತ್ತರಪತ್ರಿಕೆ ತಿದ್ದಲು ತೊಡಗಿದರು.

ತರಗತಿಯಲ್ಲಿ ಮಾತ್ರ ಈ ಗುಣ ಬೇರೆಯೇ ಆಗಿ ಕಾಣುತ್ತಿತ್ತು. ಪ್ರತಿ ವರ್ಷ ಎಂಟನೆಯ ತರಗತಿಯವರನ್ನು ಮಸ್ಕಿಯ ಗುಡ್ಡಕ್ಕೆ ಕರೆದೊಯ್ದು ಅಶೋಕನ ಶಾಸನದ ಬಂಡೆಯ ಮುಂದೆ ಕೂರಿಸುವರು. ‘ದೇವಾನಾಂಪ್ರಿಯ ಅಂತ ದೇಶದ ತುಂಬ ಕಲ್ಲಿನ ಮ್ಯಾಲ ಬರ್ದಿತ್ತು. ಯಾರವ? ಅಶೋಕನ ಇರಬೇಕು ಅಂದ್ರು ಪಂಡಿತರು. ಇರಬೇಕು ಅಂದ್ರ ಸಾಲದು. ಈ ಕಲ್ಲಿನ್ಯಾಗ ಹೆಸರು ಸಿಕ್ತು ನೋಡ್ರಿ, ಅವಾಗ ಖರೆ ಆತು’ ಎನ್ನುವರು. ಒಮ್ಮೆ ಒಬ್ಬ ಹುಡುಗ, ‘ಮೇಡಂ, ಇದು ಅವಾಗಿನ ಕಲ್ಲ ಅಂತ ನಿಮಗ ಹೆಂಗ ಗೊತ್ತು?’ ಎಂದ. ನಾವೆಲ್ಲ ಬೈಗುಳಕ್ಕೆ ಕಾದೆವು. ಮೇಡಂ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಬಸ್ಸು ಹೊರಡುವ ತನಕ ಅಕ್ಷರಗಳ ಆಕಾರದ ಬಗ್ಗೆ ಹೇಳಿದರು.

ಇಟಲಿಯ ಪ್ರವಾಸ ಶುರುವಾದದ್ದು ಪಕ್ಕದ ಶಾಲೆಯವರು ಮಕ್ಕಳನ್ನು ದುಬೈಗೆ ಕರೆದೊಯ್ದದ್ದರಿಂದ. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ರೈಸ್ ಮಿಲ್ಲಿನವರು. ಅವರು ‘ನಾವು ಯುರೋಪಿಗೆ ಹೋಗೂಣು, ರೋಮು, ವೆನಿಸ್ಸು, ಎಲ್ಲಾ ಇತಿಹಾಸದ ಊರು’ ಎಂದು ಸಾರಿದರು. ಕಾಲುವೆ ನೀರಿನ ಸೀಮೆ ನಮ್ಮದು. ಭತ್ತ ಚೆನ್ನಾಗಿ ಬಂದ ವರ್ಷ ತಂದೆ-ತಾಯಿಗಳೂ ಇಲ್ಲವೆನ್ನಲಿಲ್ಲ. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಹೆಸರು ಕೊಟ್ಟರು. ಜೊತೆಗೆ ಹೋಗಲು ನನ್ನನ್ನೂ ಮೇಡಂ ಅವರನ್ನೂ ಆರಿಸಿದರು. ‘ನೀವು ಬರ್ತೀರೇನ್ರೀ?’ ಎಂದು ನಾನು ಕೇಳಿದೆ. ‘ಬ್ಯಾರೆಯವ್ರ ಕೈಯಾಗ ಈ ಹುಡುಗೂರನ್ನ ಹೆಂಗ ಕೊಡ್ಲಿ?’ ಎಂದರು.

ಟೂರ್ ಮ್ಯಾನೇಜರ್ ಬೆಂಗಳೂರಿನ ಹುರುಪಿನ ಯುವಕ. ರೋಮಿನಲ್ಲಿ ಇಳಿದ ಕೂಡಲೇ ‘ಎಲ್ಲರ ಪಾಸ್‌ಪೋರ್ಟೂ ನನ್ನ ಹತ್ರ ಕೊಟ್ಬಿಡಿ ಮೇಡಂ, ಸೇಫಾಗಿರುತ್ತೆ’ ಎಂದ. ಮೇಡಂ ಅವನನ್ನು ಕನ್ನಡಕದ ಮೇಲಿನಿಂದ ನೋಡಿ, ಕೊಡಲಿಲ್ಲ. ಊರಲ್ಲೇ ದಪ್ಪ ಬಟ್ಟೆಯಿಂದ ಒಂದೊಂದು ಚೀಲ ಹೊಲಿದು ತಂದಿದ್ದರು. ಪ್ರತಿ ಮಗುವೂ ತನ್ನ ಪಾಸ್‌ಪೋರ್ಟನ್ನು ಅದರಲ್ಲಿಟ್ಟು ಅಂಗಿಯ ಒಳಗೆ ಕೊರಳಿಗೆ ಹಾಕಿಕೊಳ್ಳಬೇಕು, ಸಂಜೆ ಊಟಕ್ಕೆ ಮೊದಲು ತೆಗೆದು ತೋರಿಸಬೇಕು. ಟೂರ್ ಮ್ಯಾನೇಜರನ ಮುಖ ಬಿಗಿಯಿತು. ಅಂದಿನಿಂದ ಅವರಿಬ್ಬರಿಗೂ ಆಗಿಬರಲಿಲ್ಲ.

ರೋಮಿನ ಬೀದಿಗಳಲ್ಲಿ ಕಬ್ಬಿಣದ ನಲ್ಲಿಗಳು ಹಗಲೆಲ್ಲ ಸುಮ್ಮನೆ ನೀರು ಸುರಿಸುತ್ತವೆ. ಮಕ್ಕಳು ಕುಡಿಯಲು ಹೋದರೆ ಮೇಡಂ ತಡೆದರು. ಬಿಸಿಲಲ್ಲಿ ನಿಂತು ಕಾದರು. ಕಡೆಗೆ ನಾಯಿ ಹಿಡಿದುಕೊಂಡು ಬಂದ ಸ್ಥಳೀಯ ಮುದುಕನೊಬ್ಬ ತಾನೂ ಕುಡಿದು ನಾಯಿಗೂ ಕುಡಿಸಿದ ಮೇಲೆ ‘ಹೂಂ, ಕುಡೀರಿ’ ಎಂದರು. ಆ ದೊಡ್ಡ ದುಂಡು ಕ್ರೀಡಾಂಗಣದಲ್ಲಿ ಗೈಡ್ ಹೆಂಗಸು ಚಕ್ರವರ್ತಿ ಎಲ್ಲಿ ಕೂರುತ್ತಿದ್ದ, ಶ್ರೀಮಂತರು ಎಲ್ಲಿ ಕೂರುತ್ತಿದ್ದರು ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಮೇಡಂ ತಮ್ಮ ಇಂಗ್ಲಿಷಿನಲ್ಲಿ, ಕಟ್ಟಿದವರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿದರು. ಅವಳು ನಕ್ಕು ಮುಂದೆ ಹೋದಳು. ಪೀಸಾದಲ್ಲಿ ಮಕ್ಕಳೆಲ್ಲ ವಾಲಿದ ಗೋಪುರವನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿದ ಹಾಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಮೇಡಂ ಗೋಪುರದ ನೆರಳು ಬೀಳದ ಜಾಗ ಹುಡುಕಿ ನಿಂತಿದ್ದರು.

ಫ್ಲಾರೆನ್ಸಿಗೆ ಬರುವ ಹೊತ್ತಿಗೆ ಮೇಡಂ ಅನುಮಾನಿಸುವುದು ಮಕ್ಕಳಿಗೆ ಒಂದು ಆಟವಾಗಿತ್ತು. ಅಲ್ಲಿ ಒಂದು ಗುಡಿಯ ಬಂಗಾರದ ಬಾಗಿಲುಗಳ ಮುಂದೆ ಜನ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು. ‘ಇದು ಅಸಲಿ ಏನು, ಕೇಳು’ ಎಂದು ಮೇಡಂ ಒಬ್ಬ ಹುಡುಗನಿಗೆ ಹೇಳಿದರು. ಕೇಳಿದ. ಅಲ್ಲಿಯ ಗೈಡ್ ಸ್ವಲ್ಪ ತಡೆದು, ಅಸಲಿ ಬಾಗಿಲು ಮ್ಯೂಸಿಯಮ್ಮಿನಲ್ಲಿದೆ, ಇದು ಪ್ರತಿ ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಇದ್ದಕ್ಕಿದ್ದಂತೆ ಮಳೆ ಬಂತು. ಛತ್ರಿ ಮಾರುವವನೊಬ್ಬ ಎಲ್ಲಿಂದಲೋ ಓಡಿ ಬಂದ. ಬಾಂಗ್ಲಾದೇಶದವನು, ನಮ್ಮನ್ನು ಕಂಡು ಹಿಂದಿಯಲ್ಲಿ ಎಲ್ಲಿಯವರು, ಏನು ಎಂದು ವಿಚಾರಿಸಿದ. ಮಕ್ಕಳು ಅವನನ್ನು ಸುತ್ತಿಕೊಂಡು ಛತ್ರಿ ಕೊಂಡರು.

ಅದೇ ಸಂಜೆ ಹೋಟೆಲಿನಲ್ಲಿ ಚೀಲ ತೋರಿಸುವಾಗ ಒಬ್ಬ ಹುಡುಗಿಯದು ಖಾಲಿ ಇತ್ತು. ವಳಕಮದಿನ್ನಿ ಕಡೆಯ ಭತ್ತದ ಜಮೀನ್ದಾರರ ಮಗಳು, ಮಾತು ಕಡಿಮೆ. ‘ಗೊತ್ತಿಲ್ಲ ಮೇಡಂ’ ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಮೇಡಂ ಮೊದಲು ತಮ್ಮ ಮೇಲೆಯೇ ಅನುಮಾನಪಟ್ಟರು. ಮಕ್ಕಳನ್ನು ಊಟಕ್ಕೆ ಕಳಿಸಿ, ತಮ್ಮ ಕೈಚೀಲವನ್ನು ನನ್ನೆದುರು ಹೋಟೆಲಿನ ಮೇಜಿನ ಮೇಲೆ ಬೋರಲು ಹಾಕಿದರು: ಗುಳಿಗೆ, ಕರವಸ್ತ್ರ, ಶೇಂಗಾ ಹಿಂಡಿಯ ಡಬ್ಬಿ, ಮುರಿದ ಖಡಕ್ ರೊಟ್ಟಿ. ಚೀಲದ ಅಸ್ತರಿಯನ್ನೂ ಹೊರಗೆ ತಿರುವಿ ನನಗೆ ತೋರಿಸಿದರು. ಅದರಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

‘ನಾನು ಮೊದಲೇ ಹೇಳಿದ್ದೆ’ ಎಂದ ಆಮೇಲೆ ಬಂದ ಟೂರ್ ಮ್ಯಾನೇಜರ್. ‘ಆ ಛತ್ರಿಯವನೇ. ಇಲ್ಲಿ ಅವರ ದಂಧೆನೇ ಅದು.’

ನಾನೂ ಹಾಗೇ ಅಂದುಕೊಂಡೆ. ಅವನು ಮಕ್ಕಳಿಗೆ ಅಷ್ಟು ಹತ್ತಿರ ಬಂದದ್ದು, ನಗುನಗುತ್ತ ಮಾತಾಡಿದ್ದು, ಎಲ್ಲವೂ ಈಗ ಬೇರೆ ಥರ ಕಾಣತೊಡಗಿತ್ತು. ಮಕ್ಕಳೂ ಅದನ್ನೇ ಮಾತಾಡುತ್ತಿದ್ದರು. ಒಬ್ಬ ಅವನ ಕೈ ಹುಡುಗಿಯ ಹೆಗಲ ಹತ್ತಿರ ಇತ್ತು ಎಂದ. ಇನ್ನೊಬ್ಬಳು ಕೊರಳ ಹತ್ತಿರವೇ ಇತ್ತು ಎಂದಳು.

ಮರುದಿನ ಬೆಳಿಗ್ಗೆ ಅವನು ಅದೇ ಚೌಕದಲ್ಲಿ ಸಿಕ್ಕ. ಟೂರ್ ಮ್ಯಾನೇಜರ್ ಹೋಗಿ ರಟ್ಟೆ ಹಿಡಿದ. ಅಲ್ಲೇ ಗಸ್ತಿನಲ್ಲಿದ್ದ ಇಬ್ಬರು ಪೊಲೀಸರು ಬಂದರು. ಅವನ ಬಳಿ ಆ ದೇಶದಲ್ಲಿರಲು ಕಾಗದಪತ್ರ ಸರಿಯಾಗಿದ್ದವೋ ಇಲ್ಲವೋ ತಿಳಿಯದು. ಪೊಲೀಸರನ್ನು ಕಂಡ ಕೂಡಲೇ ಅವನ ಮುಖ ಬಿಳಿಚಿತು. ಛತ್ರಿಗಳನ್ನು ಕಾಲ ಬಳಿ ಇಟ್ಟು, ಯಾರೂ ಹೇಳುವ ಮೊದಲೇ ಎರಡೂ ಕೈ ಮೇಲೆತ್ತಿ ನಿಂತ. ಒಬ್ಬ ಪೊಲೀಸ್ ಅವನ ಮೈ ತಡವತೊಡಗಿದ. ನಮ್ಮ ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು.

ಹಿಂದೆ ಬರುತ್ತಿದ್ದ ಮೇಡಂ ಅದನ್ನು ಕಂಡು ನೇರ ಬಂದು ನಡುವೆ ನಿಂತರು. ‘ಮೊಬೈಲ್ ಒಳಗ ಇಡ್ರಿ’ ಎಂದರು. ಇಟ್ಟರು.

‘ಇವ ತಗೊಂಡದ್ದು ಯಾರು ನೋಡೀರಿ?’

ಹೆಗಲು, ಕೊರಳು ಎಂದವರು ನೆಲ ನೋಡಿದರು.

‘ನೀವು ನೋಡೀರೇನ್ರೀ ಸರ್?’ ಎಂದು ನನ್ನ ಕಡೆ ತಿರುಗಿದರು. ಇಲ್ಲ ಎಂದೆ.

‘ಮೇಡಂ, ನೀವು ಸುಮ್ನಿರಿ, ಇದು ಪೊಲೀಸ್ ಕೆಲಸ’ ಎಂದ ಟೂರ್ ಮ್ಯಾನೇಜರ್.

ಮೇಡಂ ಹುಡುಗಿಯ ಕೊರಳಿನ ಚೀಲವನ್ನು ಕೈಗೆ ತೆಗೆದುಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿ, ಅದರ ಬಾಯಿಗೆ ಕಟ್ಟಿದ ದಾರದ ಗಂಟು ನೋಡಿದರು. ಪೊಲೀಸರಿಗೆ ಸ್ವಲ್ಪ ತಡೆಯಿರಿ ಎಂದು ಕೈಸನ್ನೆ ಮಾಡಿ, ಹುಡುಗಿಯನ್ನು ಕರೆದುಕೊಂಡು ಗುಡಿಯ ಆಚೆ ಮಗ್ಗುಲಿಗೆ ಹೋದರು. ದೂರದಿಂದ ನಾನು ನೋಡುತ್ತಿದ್ದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮೇಡಂ ಬೈಯುವ ಹಾಗೆ ಕಾಣಲಿಲ್ಲ. ಕೈಚೀಲದಿಂದ ರೊಟ್ಟಿಯ ಚೂರು ತೆಗೆದು ಅವಳಿಗೆ ಕೊಟ್ಟರು. ಅವಳು ತಿಂದಳು. ಆಮೇಲೆ ಒಂದು ಪ್ರವಾಸಿ ಗುಂಪು ಅಡ್ಡ ಬಂತು, ನನಗೆ ಏನೂ ಕಾಣಲಿಲ್ಲ.

ವಾಪಸು ಬಂದ ಮೇಡಂ ಎಲ್ಲರ ಎದುರಿಗೆ ತಮ್ಮ ಕೈಚೀಲ ತೆರೆದು ಪಾಸ್‌ಪೋರ್ಟ್ ಹೊರತೆಗೆದರು. ‘ನನ್ನ ಹತ್ರನ ಐತಿ. ನಾನ ಇಸಗೊಂಡು ಮರ್ತಿದ್ದೆ’ ಎಂದರು. ಪೊಲೀಸರಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು. ಆಮೇಲೆ ಛತ್ರಿಯವನ ಕಡೆ ತಿರುಗಿ ಕೈಮುಗಿದು, ಲಿಂಗಸುಗೂರಿನ ಸಂತೆಯಲ್ಲಿ ಕೇಳುವಂಥ ದಖನಿ ಉರ್ದುವಿನಲ್ಲಿ, ‘ಮಾಫ್ ಕರೋ ಭಾಯಿ, ಗಲ್ತಿ ಮೇರಿ ಹೈ’ ಎಂದರು. ಅವನು ಛತ್ರಿಗಳನ್ನು ಒಂದೊಂದಾಗಿ ಎತ್ತಿಕೊಂಡು, ನಮ್ಮ ಕಡೆ ನೋಡದೆ, ಜನರ ನಡುವೆ ಹೋಗಿಬಿಟ್ಟ.

ನಾನು ಮೇಡಂ ಮುಖವನ್ನೇ ನೋಡುತ್ತ ನಿಂತೆ. ಹಿಂದಿನ ಸಂಜೆ ಆ ಚೀಲ ಬೋರಲಾದದ್ದನ್ನು ಕಂಡವನು ನಾನೊಬ್ಬನೇ.

ವೆನಿಸ್ಸಿಗೆ ಹೋಗುವ ರೈಲಿನಲ್ಲಿ ನಾನು ಅವರ ಎದುರು ಕೂತೆ. ‘ಮೇಡಂ, ನಿನ್ನೆ ಚೀಲದಾಗ ಅದು ಇರಲಿಲ್ಲ’ ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ‘ನಮ್ಮಪ್ಪ ಬಂಗಾರದ ಗಣಿಯೊಳಗ ದುಡೀತಿದ್ದ’ ಎಂದು ಶುರು ಮಾಡಿದರು. ‘ಹೊರಗ ಬರಾಗ ದಿನಾ ಝಡ್ತಿ. ಮೈ ತಡವಿ ನೋಡಿ ಬಿಡೋದು. ಅದು ಅಲ್ಲಿ ಕಾಯ್ದೆ, ಎಲ್ಲಾರಿಗೂ ಮಾಡ್ತಾರ, ತಪ್ಪು ಅನ್ನಂಗಿಲ್ಲ. ಆದ್ರ ಅವಗ ರೂಢಿ ಆಗಿಬಿಟ್ಟಿತ್ತು ನೋಡ್ರಿ. ಮನಿಗೆ ಬಂದ್ರೂ ಬಾಗಲದಾಗ ಎರಡೂ ಕೈ ಎತ್ತಿ ನಿಂತುಬಿಡ್ತಿದ್ದ. ಅವ್ವ ನಗ್ತಿದ್ಲು. ನಾವು ಸಣ್ಣವ್ರು, ಕಿಸೆದಾಗ ಕೈ ಹಾಕಿ ಪೆಪ್ಪರಮೆಂಟ್ ಹುಡುಕ್ತಿದ್ವಿ. ದೊಡ್ಡಾಕಿ ಆದ ಮ್ಯಾಲ ಒಂದಿನ ಅವ ಹಂಗ ನಿಂತದ್ದು ನೋಡಿ ನನಗ ನಗು ಬರಲಿಲ್ಲ.’

ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ ಎನಿಸಿತು. ಮಾತು ತಪ್ಪಿಸಲು ಕಥೆ ಹೇಳಿದರು ಎಂದುಕೊಂಡೆ. ವೆನಿಸ್ಸಿನಲ್ಲಿ ದೋಣಿಯ ಮೇಲೆ ಕೂತು ನೀರಿನ ಬೀದಿಗಳನ್ನು ನೋಡುವಾಗಲೂ ನನ್ನ ಕಣ್ಣು ಅವರ ಕೈಚೀಲದ ಮೇಲಿತ್ತು. ಟೂರ್ ಮ್ಯಾನೇಜರನ ಮೇಲಿನ ಹಟಕ್ಕೆ ತಾವೇ ಪಾಸ್‌ಪೋರ್ಟ್ ತೆಗೆದಿಟ್ಟು, ಪೊಲೀಸರು ಬಂದ ಮೇಲೆ ಹೆದರಿ ಹೊರಗೆ ತೆಗೆದರೇ? ಹುಡುಗಿಯನ್ನು ಮರೆಗೆ ಕರೆದೊಯ್ದದ್ದು ಬಾಯಿ ಮುಚ್ಚಿಸಲಿಕ್ಕೇ? ಹುಡುಗಿ ಅವರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಅದೂ ನನಗೆ ಅನುಮಾನವನ್ನೇ ಹುಟ್ಟಿಸಿತು.

ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ತಂದೆ-ತಾಯಿಗಳ ಗುಂಪಿನಲ್ಲಿ, ಮರೆವಿನ ಮುದುಕಿಯನ್ನು ಯಾಕೆ ಕಳಿಸಿದಿರಿ ಎಂದರು. ಮರೆವಲ್ಲ, ಬೇಕಂತಲೇ ಮಾಡಿದ್ದು ಎಂದೂ ಕೆಲವರು. ಆಡಳಿತ ಮಂಡಳಿ ಕರೆದು ಕೇಳಿತು. ನಾನೂ ಅಲ್ಲಿದ್ದೆ.

‘ಮರ್ತೆ’ ಎಂದರು ಮೇಡಂ.

‘ನಿಮ್ಮಂಥವರು ಮರೀತೀರಿ ಅಂದ್ರ ಹೆಂಗ ನಂಬೋದ್ರೀ?’ ಎಂದರು ಅಧ್ಯಕ್ಷರು.

‘ನಂಬಬ್ಯಾಡ್ರಿ’ ಎಂದರು ಮೇಡಂ. ಅದರಲ್ಲಿ ಸಿಟ್ಟಿರಲಿಲ್ಲ, ಸಲಹೆ ಕೊಟ್ಟ ಹಾಗಿತ್ತು.

ದೊಡ್ಡ ತರಗತಿಗಳನ್ನು ಅವರಿಂದ ಕಿತ್ತುಕೊಂಡು ಚಿಕ್ಕ ಮಕ್ಕಳ ತರಗತಿ ಕೊಟ್ಟರು. ಆ ವರ್ಷ ಮಸ್ಕಿಗೆ ಯಾರೂ ಹೋಗಲಿಲ್ಲ. ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿತ್ತು, ಅವರೇ ಬಿಟ್ಟುಹೋದರು. ಶಾಲು, ಹಾರ, ಫೋಟೋ ಏನೂ ಆಗಲಿಲ್ಲ.

ವರ್ಷಗಳು ಕಳೆದವು. ಒಂದು ದಿನ ಸಿಂಧನೂರಿನ ಒಂದು ಮದುವೆ ಊಟದಲ್ಲಿ ಅದೇ ಹುಡುಗಿ ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು. ರಾಯಚೂರಿನಲ್ಲಿ ಕೃಷಿ ಪದವಿ ಓದುತ್ತಿದ್ದಳು. ಅದೂ ಇದೂ ಮಾತಾಡಿದ ಮೇಲೆ, ‘ಸರ್, ಮೇಡಂ ಬಗ್ಗೆ ನೀವೂ ಹಂಗ ತಿಳ್ಕೊಂಡೀರೇನ್ರೀ?’ ಎಂದಳು. ನಡೆದದ್ದನ್ನೆಲ್ಲ ಅವಳೇ ಹೇಳಿದಳು.

ಅವಳಿಗೊಬ್ಬಳು ಅಕ್ಕ. ಡಾಕ್ಟರ್ ಆಗಬೇಕೆಂದು ಅವಳನ್ನು ದೂರದ ಊರಿನ ಕೋಚಿಂಗ್ ಹಾಸ್ಟೆಲಿಗೆ ಹಾಕಿದ್ದರು. ರಜೆಗೆ ಮನೆಗೆ ಬಂದವಳು ಯಾರ ಜೊತೆಯೂ ಮಾತಾಡಲಿಲ್ಲ, ಕೇಳಿದ್ದಕ್ಕೆ ತಲೆಯಾಡಿಸುವುದಷ್ಟೇ. ವಾಪಸು ಹೋಗಲೂ ಇಲ್ಲ. ತಂದೆ ಅದನ್ನು ಹಟ ಎಂದುಕೊಂಡು, ಅಕ್ಕ ಬಿಟ್ಟ ಜಾಗಕ್ಕೆ ತಂಗಿಯನ್ನು ಕಳಿಸುವುದೆಂದು ಗೊತ್ತು ಮಾಡಿದ್ದರು. ಇಟಲಿಯಿಂದ ಬಂದ ವಾರವೇ ಸೇರಬೇಕಿತ್ತು.

‘ಪಾಸ್‌ಪೋರ್ಟ್ ಇಲ್ಲ ಅಂದ್ರ ಊರಿಗೆ ಕಳಸಂಗಿಲ್ಲಲ್ಲ, ಅಲ್ಲೇ ಉಳೀಬೌದು ಅಂತ ಅನ್ಕೊಂಡಿದ್ದೆ ಸರ್. ಅವಾಗ ಅಷ್ಟ ತಿಳೀತಿತ್ತು. ಹೊಳಿಗೆ ಒಗೀಬೇಕು ಅಂತ ಸೇತುವಿ ಮ್ಯಾಲ ನಿಂತೆ, ಧೈರ್ಯ ಬರಲಿಲ್ಲ. ಬೂಟಿನೊಳಗ ಇಟ್ಕೊಂಡಿದ್ದೆ. ಆ ಛತ್ರಿ ಮಾರವನ ಮ್ಯಾಲ ಬರತೈತಿ ಅಂತ ಗೊತ್ತಿರಲಿಲ್ಲ. ಬಾಯಿ ಬಿಡಾಕ ಆಗ್ಲಿಲ್ಲ.’

‘ಮೇಡಂಗೆ ಹೆಂಗ ಗೊತ್ತಾತು?’

‘ಗಂಟು ಬಿಚ್ಚಿ ಮತ್ತ ಕಟ್ಟಿದ್ದು ನಾನು. ಕಳ್ಳ ಆಗಿದ್ರ ಯಾಕ ಕಟ್ತಿದ್ದ ಅಂದ್ರು. ಆಮ್ಯಾಲ ಮೊದ್ಲು ಉಣ್ಣು ಅಂದ್ರು. ಎಲ್ಲಾ ಹೇಳಿದೆ. ಊರಾಗ ಯಾರ ಮುಂದೂ ಹೇಳಬ್ಯಾಡ, ನಿಮ್ಮಪ್ಪಗ ಗೊತ್ತಾದ್ರ ನಾಳೆನ ಕಳಸ್ತಾನ, ಇದು ನನ್ನ ಮ್ಯಾಲ ಇರ್ಲಿ ಅಂದ್ರು.’

ಊರಿಗೆ ಬಂದ ಮರುದಿನದಿಂದಲೇ ಮೇಡಂ ದಿನಾ ಅವರ ಮನೆಗೆ ಹೋಗುತ್ತಿದ್ದರಂತೆ. ಪಾಸ್‌ಪೋರ್ಟಿನ ಕ್ಷಮೆ ಕೇಳುವ ನೆಪ. ತಂದೆ ಮೊದಲು ಬಾಗಿಲಲ್ಲೇ ನಿಲ್ಲಿಸಿ ಬೈದರು. ಆಮೇಲೆ ಒಳಗೆ ಕರೆದರು. ದೊಡ್ಡ ಮಗಳಿಗೆ ಏನಾಯಿತು ಎಂದು ಆ ಹಾಸ್ಟೆಲಿಗೆ ಹೋಗಿ ಕೇಳಿಕೊಂಡು ಬಂದಿರೇನು ಎಂದು ಮೇಡಂ ಕೇಳಿದರು. ತಂದೆ ಹೋಗಿ ಬಂದರು. ಬಂದ ಮೇಲೆ ಚಿಕ್ಕವಳನ್ನು ಕಳಿಸುವ ಮಾತು ಎತ್ತಲಿಲ್ಲ.

‘ನೀವು ಇದನ್ನ ಯಾರಿಗಾದ್ರೂ ಹೇಳ್ರಿ, ಬೇಕಾದ್ರ ಬರೀರಿ ಸರ್. ಈಗ ನನಗ ಅಂಜಿಕಿಲ್ಲ’ ಎಂದಳು.

ಮುಂದಿನ ಭಾನುವಾರ ನಾನು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋದೆ. ಮೇಡಂ ಕಿಟಕಿಯಿಂದ ನೋಡಿ, ಜೊತೆಗೆ ಯಾರಾದರೂ ಬಂದಿದ್ದಾರೋ ಎಂದು ಕೇಳಿ, ಆಮೇಲೆ ಚಿಲಕ ತೆಗೆದರು. ಇನ್ನೂ ತೆಳ್ಳಗಾಗಿದ್ದರು. ಅಂಗಳದ ಬೇವಿನ ನೆರಳಲ್ಲಿ ಕುರ್ಚಿ ಹಾಕಿದರು. ಹುಡುಗಿ ಸಿಕ್ಕಿದ್ದಳು, ಎಲ್ಲಾ ಹೇಳಿದಳು ಎಂದೆ.

‘ಪಾಸ್‌ಪೋರ್ಟ್ ನನ್ನ ಚೀಲದಾಗ ಇತ್ತು ಸರ್’ ಎಂದರು.

‘ಆಕಿನ ಹೇಳ್ಯಾಳ ಮೇಡಂ.’

‘ಸಣ್ಣ ಹುಡುಗಿ ಏನರ ಹೇಳತೈತಿ.’ ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ‘ಆಕಿ ಅಕ್ಕ ಮಾತಾಡಾಕತ್ಯಾಳೇನು?’ ಎಂದರು.

ನಾನು ಕೇಳಿರಲಿಲ್ಲ. ಇಡೀ ಊಟದ ಹೊತ್ತಿನಲ್ಲಿ ಪಾಸ್‌ಪೋರ್ಟು, ಬೂಟು, ಗಂಟು ಎಲ್ಲ ಕೇಳಿದ್ದೆ, ಅದೊಂದನ್ನು ಬಿಟ್ಟು. ಹಾಗೇ ಹೇಳಿದೆ. ‘ಅದನ್ನ ಕೇಳಬೇಕಾಗಿತ್ತು’ ಎಂದರು ಮೇಡಂ. ಶಾಲೆ ಬಿಟ್ಟ ಮೇಲೆ ಆ ಊರಿನ ಯಾರ ನಂಬರೂ ಅವರು ಇಟ್ಟುಕೊಂಡಿರಲಿಲ್ಲ.

ನಾನು ಹುಡುಗಿಗೆ ಫೋನ್ ಹಚ್ಚಿದೆ. ರಜೆಗೆ ಊರಿಗೆ ಬಂದಿದ್ದಳು. ಮೇಡಂ ಮನೆಯಲ್ಲಿದ್ದೇನೆ, ನಿಮ್ಮ ಅಕ್ಕನ ಬಗ್ಗೆ ಕೇಳುತ್ತಿದ್ದಾರೆ ಎಂದೆ. ‘ಒಂದ್ನಿಮಿಷ ಸರ್’ ಎಂದಳು. ಹೆಜ್ಜೆಯ ಸಪ್ಪಳ ಕೇಳಿತು, ಬಾಗಿಲು ತೆರೆದದ್ದು ಕೇಳಿತು. ನಾನು ಫೋನನ್ನು ಮೇಡಂ ಕೈಗೆ ಕೊಟ್ಟೆ. ಅವರು ಅದನ್ನು ಕಿವಿಗೆ ಹಿಡಿದು, ಅನುಮಾನದಿಂದಲೇ, ‘ಯಾರು?’ ಎಂದರು.

ಆ ಕಡೆಯಿಂದ ಬಂದ ದನಿ ನನಗೂ ಸಣ್ಣಗೆ ಕೇಳಿತು. ನಿಧಾನವಾದ, ತಗ್ಗಿದ ದನಿ. ಮೊದಲು ತನ್ನ ಹೆಸರು ಹೇಳಿತು. ಆಮೇಲೆ, ‘ಊಟ ಆತೇನ್ರೀ ಮೇಡಂ?’ ಎಂದಿತು.

‘ಇಲ್ಲವ್ವ, ಇನ್ನ ಆಗಿಲ್ಲ’ ಎಂದರು ಮೇಡಂ. ‘ನಿಂದು?’

ಅಲ್ಲಿಂದ ಅವರು ಎದ್ದು ಬೇವಿನ ಮರದ ಆಚೆ ಹೋಗಿ, ನನಗೆ ಬೆನ್ನು ಮಾಡಿ ನಿಂತು ಮಾತಾಡಿದರು. ನಾಟಿ ಮುಗಿಯಿತೇ, ಮಾವಿನಕಾಯಿ ಉಪ್ಪಿನಕಾಯಿ ಹಾಕಿದಿರೇ, ಎಮ್ಮೆ ಕರು ಹಾಕಿತೇ ಎಂದು ಕೇಳುತ್ತಿದ್ದುದು ಬಿಟ್ಟುಬಿಟ್ಟು ಕೇಳುತ್ತಿತ್ತು. ಫೋನಿನ ಚಾರ್ಜು ಮುಗಿದು ಅದು ತಾನಾಗಿ ನಿಂತುಹೋಗುವ ತನಕ ಮಾತಾಡಿದರು. ಆಮೇಲೂ ಅದನ್ನು ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ನಿಂತಿದ್ದರು.